ಸುಂಕದವನ ಮುಂದೆ ಸುಖದುಃಖ: ದಹಿಸರ್ ನಾಕೆ ಮತ್ತು ಬಡವರ ತೆರಿಗೆಯ ಇತಿಹಾಸ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಕಿವಿಗೊಡದವನ ಎದುರಿನಲ್ಲಿ ಕಷ್ಟ ತೋಡಿಕೊಳ್ಳುವುದು ವ್ಯರ್ಥವೆಂಬುದು ಅದರ ರೂಢಿಯ ಅರ್ಥ. ಆದರೆ ಈ ಗಾದೆಯನ್ನು ಕಟ್ಟಿದ ಜನ ರಾಜ್ಯದ ಇತರ ಅಧಿಕಾರಿಗಳನ್ನೆಲ್ಲ ಬಿಟ್ಟು ಸುಂಕದವನನ್ನೇ ಏಕೆ ಆರಿಸಿಕೊಂಡರೆಂಬುದು ವಿಚಾರಮಾಡತಕ್ಕ ವಿಷಯ. ಬೆಳೆ ಹೋದ ವರ್ಷ ರೈತನು ಕಂದಾಯದ ಮಾಫಿಯನ್ನು ಬೇಡಬಹುದಾಗಿತ್ತು; ಹೊಲಕ್ಕೆ ಬಂದು ನೋಡಿದ ಅಧಿಕಾರಿಗೆ ಅವನ ಸ್ಥಿತಿ ಕಣ್ಣಿಗೆ ಬೀಳುತ್ತಿತ್ತು. ಸುಂಕದ ಕಟ್ಟೆಯಲ್ಲಿ ಕುಳಿತವನಿಗೆ ಕಾಣುವುದು ಎತ್ತಿನ ಬೆನ್ನ ಮೇಲಿನ ಹೇರು ಮಾತ್ರ. ಹೇರಿಗೆ ಇಷ್ಟು ಎಂದು ದರ ಗೊತ್ತಾಗಿರುವಾಗ, ಆ ಧಾನ್ಯವನ್ನು ಕೊನೆಗೆ ಉಣ್ಣುವವನು ಸಿರಿವಂತನೋ ಕೂಲಿಯವನೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಆ ಅಧಿಕಾರಿ ಸ್ವಭಾವತಃ ದಯಾವಂತನಾಗಿದ್ದರೂ ಅವನ ತೆರಿಗೆಯ ಸ್ವರೂಪವೇ ಅವನನ್ನು ಕಿವುಡನನ್ನಾಗಿ ಮಾಡುತ್ತದೆ.

ಆದಾಯದ ಅಸಮತೆ, ಬಡತನ, ಸರಕಾರವು ಎತ್ತುವ ತೆರಿಗೆ, ಅದು ಮಾಡುವ ವೆಚ್ಚ ಎಂಬ ನಾಲ್ಕು ವಿಷಯಗಳ ಸಂಬಂಧವನ್ನು ನಮ್ಮ ನಗರದ ಒಂದು ಸುಂಕದ ಕಟ್ಟೆಯನ್ನು, ಎಂದರೆ ದಹಿಸರ್ ನಾಕೆಯನ್ನು, ಮುಂದಿಟ್ಟುಕೊಂಡು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಸರಕಿನ ಮೇಲಿನ ತೆರಿಗೆಗೆ ಬಡವನ ಮಾತು ಕೇಳಿಸದು. ಆದುದರಿಂದ ಅದನ್ನು ಕೇಳುವ ಹೊಣೆ ವೆಚ್ಚದ ಮೇಲೆ ಬೀಳುತ್ತದೆ. ಈ ಹೊಣೆಯನ್ನು ಹಿಂದಿನವರು ಹೇಗೆ ನಿರ್ವಹಿಸಿದರು, ನಮ್ಮ ಕಾಲದಲ್ಲಿ ಅದು ಎಲ್ಲಿಗೆ ಬಂದಿದೆ ಎಂಬುದೇ ಇಲ್ಲಿಯ ಪ್ರಶ್ನೆ.

ಗಡಿಯ ಕಟ್ಟೆ

ದಹಿಸರ್ ಇಂದು ಪಶ್ಚಿಮ ರೈಲ್ವೆಯ ದಾರಿಯಲ್ಲಿ ಮುಂಬಯಿಯ ಕೊನೆಯ ಉಪನಗರ. ಆದರೆ ಅದು ನಗರದೊಳಕ್ಕೆ ಸೇರಿ ಬಹುಕಾಲವಾಗಿಲ್ಲ. 1950ರಲ್ಲಿ ಒಮ್ಮೆ ವಿಸ್ತರಿಸಿದ್ದ ನಗರದ ಎಲ್ಲೆಯನ್ನು 1957ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ವಿಸ್ತರಿಸಿದಾಗ ಪಶ್ಚಿಮದಲ್ಲಿ ದಹಿಸರ್, ಪೂರ್ವದಲ್ಲಿ ಮುಲುಂಡ್ ಬೃಹನ್ಮುಂಬಯಿಯ ಕೊನೆಯ ಊರುಗಳಾದವು. ಗಡಿಯಿದ್ದಲ್ಲಿ ಕಟ್ಟೆ ಏಳುವುದು ಸಹಜ. 1888ರ ಪುರಸಭಾ ಕಾಯಿದೆಯ ಮೇರೆಗೆ ನಗರವನ್ನು ಪ್ರವೇಶಿಸುವ ಕೆಲವು ಸರಕುಗಳ ಮೇಲೆ ‘ಟೌನ್ ಡ್ಯೂಟಿ’ ಎಂಬ ಪಟ್ಟಣ ಸುಂಕವು ವಸೂಲಾಗುತ್ತಿತ್ತು. 1965ರಲ್ಲಿ ಅದರ ಸ್ಥಾನಕ್ಕೆ ಆಕ್ಟ್ರಾಯ್ ಬಂದಿತು. ಗುಜರಾತದ ಕಡೆಯಿಂದ ಹೆದ್ದಾರಿಯಲ್ಲಿ ಇಳಿದು ಬರುವ ಲಾರಿಗಳು ದಹಿಸರಿನಲ್ಲಿಯೂ, ಘಟ್ಟದ ಕಡೆಯಿಂದ ಬರುವವು ಮುಲುಂಡ್ ಮತ್ತು ಮಾನಖುರ್ದದ ಕಡೆಯ ನಾಕೆಗಳಲ್ಲಿಯೂ ನಿಂತು ಹಣ ತೆತ್ತು ಒಳಗೆ ಬರಬೇಕಾಗಿತ್ತು.

ಈ ತೆರಿಗೆಗೆ ಮರಾಠಿಯಲ್ಲಿ ‘ಜಕಾತ್’ ಎಂದು ಹೆಸರು. ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿಯೂ ‘ಜಕಾತಿ’ ಎಂಬ ರೂಪವುಂಟು. ಇದರ ಮೂಲ ಅರಬ್ಬಿ ಭಾಷೆಯ ‘ಝಕಾತ್’. ಉಳ್ಳವನು ತನ್ನ ಸಂಪತ್ತಿನಲ್ಲಿ ಒಂದು ಭಾಗವನ್ನು ಇಲ್ಲದವನಿಗೆ ಕಡ್ಡಾಯವಾಗಿ ಕೊಡತಕ್ಕದ್ದೆಂದು ಇಸ್ಲಾಮ್ ಧರ್ಮದಲ್ಲಿ ವಿಧಿಸಿರುವ ದಾನಕ್ಕೆ ಆ ಹೆಸರು. ಸಂಪತ್ತಿನ ಮೇಲೆ ಎತ್ತಿ ಬಡವನಿಗೆ ಹಂಚುವ ಕ್ರಮವನ್ನು ಸೂಚಿಸುತ್ತಿದ್ದ ಪದವು ನಮ್ಮ ನಾಡಿಗೆ ಬಂದು, ಬಡವನ ಚೀಲವನ್ನೂ ಬಿಡದೆ ಎತ್ತುವ ಸುಂಕಕ್ಕೆ ಹೆಸರಾಯಿತು. ಪದಗಳ ಅರ್ಥ ಬದಲಾಗುವುದು ಸಾಮಾನ್ಯ ಸಂಗತಿ. ಆದರೆ ಈ ಬದಲಾವಣೆಯಲ್ಲಿ ತೆರಿಗೆಯ ಇತಿಹಾಸದ ಒಂದು ದೊಡ್ಡ ಪಾಠ ಅಡಗಿದೆ.

ಕರ್ನಾಟಕವು ಆಕ್ಟ್ರಾಯನ್ನು 1979ರಲ್ಲಿಯೇ ರದ್ದುಗೊಳಿಸಿ ಅದರ ಬದಲು ಪ್ರವೇಶ ತೆರಿಗೆಯನ್ನು ತಂದಿತು. ಮಹಾರಾಷ್ಟ್ರದ ಇತರ ಮಹಾನಗರಪಾಲಿಕೆಗಳಲ್ಲಿ 2010ರಿಂದ 2013ರ ಒಳಗೆ ಅದು ಹಂತಹಂತವಾಗಿ ನಿಂತಿತು. ಮುಂಬಯಿಯಲ್ಲಿ ಮಾತ್ರ ಅದು 2017ರ ಜೂನ್ 30ರವರೆಗೆ ಉಳಿಯಿತು. ಪಾಲಿಕೆಯ ಆದಾಯಕ್ಕೆ ಅದೇ ಅತಿದೊಡ್ಡ ಮೂಲವಾಗಿದ್ದುದು ಇದಕ್ಕೆ ಕಾರಣ. ಕೊನೆಯ ವರ್ಷಗಳಲ್ಲಿ ಅದರ ಉತ್ಪತ್ತಿ ವರ್ಷಕ್ಕೆ ಸುಮಾರು ಏಳು ಸಾವಿರ ಕೋಟಿ ರೂಪಾಯಿಗಳಷ್ಟಿದ್ದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯು ದೇಶಾದ್ಯಂತ ಜಾರಿಗೆ ಬಂದಾಗ ನಾಕೆಯ ಕೆಲಸ ಮುಗಿಯಿತು. ಅದೇ ತಿಂಗಳಿನ ಮೊದಲ ವಾರದಲ್ಲಿ ರಾಜ್ಯ ಸರಕಾರವು ಪರಿಹಾರದ ಮೊದಲ ಕಂತಾಗಿ ಸುಮಾರು 647 ಕೋಟಿ ರೂಪಾಯಿಗಳ ಚೆಕ್ಕನ್ನು ಪಾಲಿಕೆಗೆ ಕೊಟ್ಟಿತು. ಅಂದಿನವರೆಗೆ ತನ್ನ ಬಾಗಿಲಿನಲ್ಲಿ ತಾನೇ ವಸೂಲು ಮಾಡಿಕೊಳ್ಳುತ್ತಿದ್ದ ನಗರವು ಅಂದಿನಿಂದ ತಿಂಗಳು ತಿಂಗಳು ಪರಿಹಾರದ ದಾರಿ ನೋಡುವಂತಾಯಿತು.

ಭಾರ ಯಾರ ಮೇಲೆ?

ಲಾರಿಯವನು ನಾಕೆಯಲ್ಲಿ ತೆತ್ತ ಹಣವನ್ನು ಸಗಟು ವ್ಯಾಪಾರಿ ತನ್ನ ಬೆಲೆಯಲ್ಲಿ ಸೇರಿಸುವನು; ಕಿರುಕುಳದ ಅಂಗಡಿಯವನು ಗಿರಾಕಿಯ ಮೇಲೆ ಹಾಕುವನು. ಕೊನೆಗೆ ತೆರುವವನು ಬಳಸುವವನು. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ತಿಂಗಳಿಗೆ 15,000 ರೂಪಾಯಿ ಸಂಪಾದಿಸುವ ಒಂದು ಕುಟುಂಬವು 14,000 ರೂಪಾಯಿಗಳನ್ನು ಸಾಮಾನು ಸರಂಜಾಮಿಗೆ ವೆಚ್ಚಮಾಡುತ್ತದೆಂದೂ, ಆ ಸಾಮಾನಿನ ಬೆಲೆಯಲ್ಲಿ ಸರಾಸರಿ ಸೇಕಡಾ 5 ತೆರಿಗೆಯೆಂದೂ ಇಟ್ಟುಕೊಳ್ಳೋಣ. ಅದು ತೆರುವುದು 700 ರೂಪಾಯಿ. ಆದಾಯದ ಸೇಕಡಾ 4.7ರಷ್ಟು. ತಿಂಗಳಿಗೆ 3,00,000 ರೂಪಾಯಿ ವರಮಾನವುಳ್ಳ ಇನ್ನೊಂದು ಕುಟುಂಬವು ಅದರಲ್ಲಿ 1,00,000 ರೂಪಾಯಿಗಳನ್ನು ಮಾತ್ರ ವೆಚ್ಚಮಾಡಿ ಉಳಿದುದನ್ನು ಬ್ಯಾಂಕಿನಲ್ಲಿಯೋ ಷೇರುಗಳಲ್ಲಿಯೋ ತೊಡಗಿಸುತ್ತದೆ. ಅದು ಕೊಳ್ಳುವ ಮೇಲ್ತರದ ವಸ್ತುಗಳ ಮೇಲೆ ಸೇಕಡಾ 8 ತೆರಿಗೆಯೆಂದರೂ ತೆರುವುದು 8,000 ರೂಪಾಯಿ. ಆದಾಯದ ಸೇಕಡಾ 2.7 ಮಾತ್ರ. ದರವು ಹೆಚ್ಚಾಗಿದ್ದರೂ ಭಾರವು ಕಡಿಮೆಯಾಯಿತು. ಸಿರಿ ಹೆಚ್ಚಿದಂತೆ ಭಾರದ ಪ್ರಮಾಣವು ಇಳಿಯುವುದರಿಂದ ಇಂಥದನ್ನು ಇಳಿಕ್ರಮದ ತೆರಿಗೆಯೆನ್ನಬಹುದು.

ಆದರೆ ಲೆಕ್ಕವನ್ನು ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವಷ್ಟೇ ದೊರೆತಂತಾಗುವುದು. ಈ ಎರಡು ಕುಟುಂಬಗಳಿಂದ ಬಂದ 8,700 ರೂಪಾಯಿಗಳನ್ನು ಇಬ್ಬರಿಗೂ ಸಮವಾಗಿ ಪ್ರಯೋಜನವಾಗುವ ಶಾಲೆ, ಆಸ್ಪತ್ರೆ, ನೀರುಗಳಿಗಾಗಿ ವೆಚ್ಚಮಾಡಿದರೆ ಒಂದೊಂದರ ಪಾಲಿಗೆ 4,350 ರೂಪಾಯಿಗಳ ಸೌಕರ್ಯ ಬರುತ್ತದೆ. ಇದು ಬಡ ಕುಟುಂಬದ ಆದಾಯದ ಸೇಕಡಾ 29; ಸಿರಿವಂತ ಕುಟುಂಬದ ಆದಾಯದ ಸೇಕಡಾ 1.45. ಕೊಟ್ಟುದು ಪಡೆದುದು ಕಳೆದು ನೋಡಿದರೆ ಬಡ ಕುಟುಂಬಕ್ಕೆ 3,650 ರೂಪಾಯಿಗಳ ಲಾಭ. ತೆರಿಗೆಯು ಅನ್ಯಾಯದ್ದಾದರೂ ವೆಚ್ಚವು ನ್ಯಾಯದ್ದಾದರೆ ಒಟ್ಟು ಪರಿಣಾಮವು ಅಸಮತೆಯನ್ನು ತಗ್ಗಿಸಬಲ್ಲದು. ಅದೇ 8,700 ರೂಪಾಯಿಗಳನ್ನು ಮೊದಲನೆಯ ಕುಟುಂಬವು ಎಂದಿಗೂ ಕಾಲಿಡದ ಕಡೆಗೆ ವೆಚ್ಚಮಾಡಿದರೆ ಸುಂಕವು ಬರಿಯ ಸುಲಿಗೆಯಾಗಿ ಉಳಿಯುತ್ತದೆ. ವಸೂಲಿನ ಕ್ರಮ ಒಂದೇ. ಫಲವನ್ನು ನಿರ್ಣಯಿಸುವುದು ವಿನಿಯೋಗ.

ಶಾಸನಗಳ ಸಾಕ್ಷ್ಯ

ವಸೂಲಿಗೂ ವಿನಿಯೋಗಕ್ಕೂ ಇರುವ ಈ ನಂಟು ನಮ್ಮ ಪೂರ್ವಜರಿಗೆ ಹೊಸದಾಗಿರಲಿಲ್ಲ. ಕನ್ನಡ ಶಾಸನಗಳಲ್ಲಿ ಪೆರ್ಜುಂಕ ಅಥವಾ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಕಿರುಕುಳ ಮೊದಲಾದ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸುಂಕವೆರ್ಗಡೆಯೆಂಬ ಅಧಿಕಾರಿಯ ಉಲ್ಲೇಖವೂ ಉಂಟು. ದೊಡ್ಡ ಸರಕಿನ ಮೇಲಿನದು ಹೆಜ್ಜುಂಕ. ಸಣ್ಣಪುಟ್ಟ ವಸ್ತುಗಳ ಮೇಲಿನದು ಕಿರುಕುಳ. ಈ ಎರಡನೆಯ ಪದವು ಇಂದಿನ ಮಾತಿನಲ್ಲಿ ಉಪದ್ರವವೆಂಬ ಅರ್ಥವನ್ನೂ ಪಡೆದಿರುವುದನ್ನು ವಾಚಕರು ಗಮನಿಸಬಹುದು. 12ನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನಿದ್ದನು. ‘ಬಂಕೇಶ್ವರಲಿಂಗ’ ಅವನ ಅಂಕಿತ. ಸುಂಕದ ವೃತ್ತಿಯ ಪರಿಭಾಷೆಯನ್ನು ಅವನು ತನ್ನ ವಚನಗಳಿಗೂ ತಂದಿದ್ದಾನೆ.

ಈ ಶಾಸನಗಳಲ್ಲಿ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಬೇರೊಂದು. ಇಂಥ ಊರಿನ ಇಂಥ ಸುಂಕದ ಉತ್ಪತ್ತಿಯನ್ನು ಇಂಥ ಕೆಲಸಕ್ಕೆ ಬಿಟ್ಟಿತು ಎಂದು ಕಲ್ಲಿನ ಮೇಲೆ ಕೊರೆದು ನಿಲ್ಲಿಸುವ ಪದ್ಧತಿಯಿದ್ದಿತು. ನಂದಾದೀವಿಗೆಗೆ, ಸತ್ರಕ್ಕೆ, ವಿದ್ಯಾದಾನಕ್ಕೆ ಎಂದು ವಿನಿಯೋಗವು ನಿರ್ದಿಷ್ಟವಾಗಿರುತ್ತಿತ್ತು. ಕೆರೆಯ ರಕ್ಷಣೆಗಾಗಿ ಬಿತ್ತುವಟ್ಟ, ಕಟ್ಟುಗೊಡಗೆಗಳೆಂಬ ದತ್ತಿಗಳು ಬೇರೆಯೇ ಇದ್ದವು. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ಹೇರಿಗೆ ಇಷ್ಟೆಂದು ತಾವೇ ತೆರಿಗೆ ಹಾಕಿಕೊಂಡು ದಾನ ಮಾಡಿದುದುಂಟು. ಇಂಡಿ ತಾಲ್ಲೂಕಿನ ಸಾಲೋಟಗಿಯ 945ರ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅಲ್ಲಿಯ ಶಾಲೆಯಲ್ಲಿ ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ವಾಸಿಸುತ್ತಿದ್ದರು. ಅವರ ಪೋಷಣೆಗಾಗಿ ಊರವರು ಮದುವೆಗೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯಗಳಂತೆ ಕೊಡಲು ಒಪ್ಪಿಕೊಂಡರು. ಕೊಡುವವನು ಯಾರು, ಎಷ್ಟು, ಯಾವಾಗ, ಯಾವುದಕ್ಕಾಗಿ ಎಂಬುದೆಲ್ಲವೂ ಊರಿನ ಎದುರಿಗೆ ಬಯಲಾಗಿದ್ದಿತು.

ದಹಿಸರಿಗೆ ಸಮೀಪದಲ್ಲಿಯೇ ಇಂಥ ಇನ್ನೊಂದು ಸಾಕ್ಷ್ಯವಿದೆ. ದಹಿಸರ್ ನದಿ ಹುಟ್ಟಿ ಬರುವ ಕಾಡಿನೊಳಗೆ ಕಾನ್ಹೇರಿಯ ಗುಹೆಗಳಿವೆ. ಅಲ್ಲಿ ನೃಪತುಂಗನೆಂದು ನಮಗೆ ಪ್ರಿಯನಾದ ಅಮೋಘವರ್ಷನ ಕಾಲದ, ಎಂದರೆ 9ನೆಯ ಶತಮಾನದ ಶಾಸನಗಳು ದೊರೆತಿವೆ. ಆಗ ಉತ್ತರ ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಬೌದ್ಧ ಭಿಕ್ಷುಗಳ ವಸ್ತ್ರವೇ ಮೊದಲಾದ ಆವಶ್ಯಕತೆಗಳಿಗಾಗಿ ಇಟ್ಟ ಹಣದ ದತ್ತಿಗಳನ್ನು ಅವು ದಾಖಲಿಸುತ್ತವೆ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ಧರ್ಮ ನಡೆಸತಕ್ಕ ಈ ಬಗೆಯ ನಿಧಿಗೆ ‘ಅಕ್ಷಯನೀವಿ’ ಎಂದು ಹೆಸರು. ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ ಇದು ಎಂದಿಗೂ ಮುದ್ದತು ತೀರದ ಠೇವಣಿ.

ಹಾಗೆಂದು ಗತಕಾಲವನ್ನು ಸುವರ್ಣಯುಗವೆಂದು ವರ್ಣಿಸುವುದು ಸತ್ಯಕ್ಕೆ ದೂರವಾಗುವುದು. ಸಾಲೋಟಗಿಯ ಶಾಲೆಯಲ್ಲಿ ಕಲಿತವರು ವೇದಾಧ್ಯಯನದ ಅಧಿಕಾರವುಳ್ಳವರು. ಆ ಊರಿನ ಒಕ್ಕಲಿಗನ ಮಗನಾಗಲಿ ಮಾದರವನ ಮಗನಾಗಲಿ ಅಲ್ಲಿರಲಿಲ್ಲ. ಸುಂಕವು ಎಲ್ಲರ ಹೇರಿನಿಂದ ಬರುತ್ತಿತ್ತು. ದತ್ತಿಯು ಕೆಲವರ ಬಾಯಿಗೆ ಹೋಗುತ್ತಿತ್ತು. ಕೆರೆಯೊಂದನ್ನು ಬಿಟ್ಟರೆ ಬಡವನಿಗೆ ನೇರವಾಗಿ ಮರಳುತ್ತಿದ್ದುದು ಅಲ್ಪ. ಆದರೂ ಬಡವನ ದುಃಖವು ಅರಸನ ಕಿವಿಗೆ ಬಿದ್ದ ನಿದರ್ಶನಗಳು ಇಲ್ಲದಿಲ್ಲ. ವಿಜಯನಗರದ ಕಾಲದಲ್ಲಿ ಮದುವೆಯ ಸುಂಕವನ್ನು ಬಿಟ್ಟುಕೊಟ್ಟ ಶಾಸನಗಳು ಹಲವು ಇವೆ. 16ನೆಯ ಶತಮಾನದ ನಡುವಣ ಸದಾಶಿವರಾಯನ ಆಳಿಕೆಯಲ್ಲಿ ಕ್ಷೌರಿಕರಿಗೆ ತೆರಿಗೆ ಮತ್ತು ಬಿಟ್ಟಿಗಳಿಂದ ವಿನಾಯಿತಿ ದೊರೆಯಿತು. ರಾಮರಾಯನ ಕ್ಷೌರಿಕನಾದ ಕೊಂಡೋಜನ ಹೆಸರು ಆ ಶಾಸನಗಳಲ್ಲಿ ಬರುತ್ತದೆ. ಅರಸನಿಗೆ ಕ್ಷೌರಮಾಡುವವನು ಅರಸನ ಕಿವಿಗೆ ಅತಿ ಸಮೀಪದವನು. ಯಾರ ಮಾತು ಅಧಿಕಾರಕ್ಕೆ ಕೇಳಿಸುವುದೋ ಅವರ ತೆರಿಗೆ ಮೊದಲು ಇಳಿಯುವುದೆಂಬ ಸಂಗತಿ ಆ ಕಾಲಕ್ಕೆ ಮಾತ್ರ ಸಲ್ಲುವುದಲ್ಲ.

ಉಪ್ಪು

ಆಂಗ್ಲರ ಕಾಲದಲ್ಲಿ ಸುಂಕದ ಕಿವುಡುತನವು ಪರಾಕಾಷ್ಠೆ ಮುಟ್ಟಿದುದು ಉಪ್ಪಿನ ವಿಷಯದಲ್ಲಿ. ಉಪ್ಪನ್ನು ಕೋಟ್ಯಧೀಶನು ಹೆಚ್ಚು ತಿನ್ನಲಾರ, ಕೂಲಿಯವನು ಬಿಡಲಾರ. ಬಿಸಿಲಿನಲ್ಲಿ ಬೆವರುವವನಿಗೆ ಅದು ಒಂದಿಷ್ಟು ಹೆಚ್ಚೇ ಬೇಕು. ಆದುದರಿಂದ ಉಪ್ಪಿನ ತೆರಿಗೆಯು ಹೆಚ್ಚುಕಡಮೆ ತಲೆಗಂದಾಯವೇ ಸರಿ. ದಕ್ಷಿಣ ಕನ್ನಡ ಮತ್ತು ಕೊಡಗುಗಳಲ್ಲಿ 1837ರಲ್ಲಿ ನಡೆದ ಅಮರ ಸುಳ್ಯದ ದಂಗೆಗೆ, ಕಂದಾಯವನ್ನು ನಗದಾಗಿಯೇ ತೆರಬೇಕೆಂಬ ನಿರ್ಬಂಧವೂ ಉಪ್ಪು ಹೊಗೆಸೊಪ್ಪುಗಳ ಸರಕಾರಿ ಏಕಸ್ವಾಮ್ಯವೂ ಕಾರಣಗಳಾದವೆಂದು ಇತಿಹಾಸಕಾರರು ಎಣಿಸಿದ್ದಾರೆ. ಕೇಂದ್ರ ಶಾಸನಸಭೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರು 1902ರಿಂದ ಈ ತೆರಿಗೆಯನ್ನು ಬಿಡದೆ ವಿರೋಧಿಸಿದರು. ಮಣಕ್ಕೆ ಎರಡೂವರೆ ರೂಪಾಯಿ ಇದ್ದ ದರವು 1903ರಲ್ಲಿ ಎರಡಕ್ಕೆ, 1905ರಲ್ಲಿ ಒಂದೂವರೆಗೆ, 1907ರಲ್ಲಿ ಒಂದು ರೂಪಾಯಿಗೆ ಇಳಿಯಿತು. 1923ರಲ್ಲಿ ಸರಕಾರವು ಆಯವ್ಯಯದ ಕೊರತೆಯ ಕಾರಣದಿಂದ ಅದನ್ನು ಮತ್ತೆ ಇಮ್ಮಡಿಗೊಳಿಸಿತು.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಸತ್ಯಾಗ್ರಹವಾಯಿತು. ಉತ್ತರ ಕನ್ನಡ ಜಿಲ್ಲೆಯು 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅಂಕೋಲೆಯ ಉಪ್ಪಿನ ಮೇಲೂ ದಹಿಸರ್ ಭಾಯಂದರಗಳ ಆಗರಗಳ ಉಪ್ಪಿನ ಮೇಲೂ ಒಂದೇ ಅಧಿಕಾರದ ಮುದ್ರೆಯಿದ್ದಿತು. ಅಂಕೋಲೆ, ಸಿದ್ದಾಪುರ, ಹಿರೇಕೆರೂರುಗಳ ರೈತರು ಮುಂದೆ ಕರನಿರಾಕರಣೆಯ ಚಳವಳಿಯಲ್ಲಿ ಹೊಲಮನೆಗಳನ್ನು ಕಳೆದುಕೊಂಡರೂ ಮಣಿಯಲಿಲ್ಲ. ಕೇಳಿಸಿಕೊಳ್ಳದ ಸುಂಕದವನನ್ನು ಕೇಳುವಂತೆ ಮಾಡಬೇಕಾದರೆ ಎಷ್ಟು ಬೆಲೆ ತೆರಬೇಕೆಂಬುದಕ್ಕೆ ಇದು ಸಾಕ್ಷಿ. 1947ರಲ್ಲಿ ಉಪ್ಪಿನ ತೆರಿಗೆಯು ರದ್ದಾಯಿತು.

ಆದಾಯವನ್ನು ವಿಚಾರಿಸುವ ತೆರಿಗೆ

ಸುಖದುಃಖವನ್ನು ಕೇಳುವ ತೆರಿಗೆಯೊಂದಿದ್ದರೆ ಅದು ಆದಾಯ ತೆರಿಗೆ. ನಿನ್ನ ಸಂಪಾದನೆ ಎಷ್ಟು ಎಂದು ಕೇಳಿದ ಮೇಲೆಯೇ ಅದು ಕೈ ಚಾಚುತ್ತದೆ. 1860ರಲ್ಲಿ ಜೇಮ್ಸ್ ವಿಲ್ಸನ್ ಅದನ್ನು ಮೊದಲು ತಂದಾಗ ವರ್ಷಕ್ಕೆ 200 ರೂಪಾಯಿಗಳಿಗಿಂತ ಕಡಿಮೆ ಆದಾಯದವರನ್ನು ಬಿಟ್ಟಿದ್ದನು. 1886ರ ಕಾಯಿದೆಯು ಈ ಮಿತಿಯನ್ನು 500 ರೂಪಾಯಿಗಳಿಗೆ ಏರಿಸಿತು. ಸ್ವಾತಂತ್ರ್ಯಾನಂತರ ಈ ದಿಕ್ಕಿನಲ್ಲಿ ದೊಡ್ಡ ಪ್ರಯತ್ನಗಳಾದವು. 1953ರಲ್ಲಿ ಮೃತರ ಆಸ್ತಿಯ ಮೇಲಿನ ತೆರಿಗೆ, ಕೇಂಬ್ರಿಜ್ಜಿನ ನಿಕೊಲಾಸ್ ಕಾಲ್ಡೋರರ 1956ರ ವರದಿಯ ಮೇರೆಗೆ 1957ರಲ್ಲಿ ಸಂಪತ್ತಿನ ಮೇಲಿನ ತೆರಿಗೆ, 1958ರಲ್ಲಿ ದಾನದ ಮೇಲಿನ ತೆರಿಗೆ ಬಂದವು. 1973-74ರಲ್ಲಿ ಆದಾಯದ ಅತ್ಯುಚ್ಚ ಮೆಟ್ಟಿಲಿನ ಮೇಲಿನ ದರವು ಸೇಕಡಾ 97.75ರಷ್ಟಿದ್ದಿತು. ಅಷ್ಟು ಎತ್ತರದ ದರವು ಆದಾಯವನ್ನು ಬಚ್ಚಿಡುವುದಕ್ಕೆ ಪ್ರೇರಣೆಯಾಯಿತೇ ಹೊರತು ಬೊಕ್ಕಸವನ್ನು ತುಂಬಲಿಲ್ಲ. ಆಮೇಲೆ ಹಿಮ್ಮುಖ ಪ್ರಯಾಣ. ಮೃತರ ಆಸ್ತಿಯ ತೆರಿಗೆಯು 1985ರಲ್ಲಿ, ದಾನದ ತೆರಿಗೆಯು 1998ರಲ್ಲಿ, ಸಂಪತ್ತಿನ ತೆರಿಗೆಯು 2015ರಲ್ಲಿ ರದ್ದಾದವು. 2019ರ ಸೆಪ್ಟೆಂಬರಿನಲ್ಲಿ, ಇತರ ರಿಯಾಯಿತಿಗಳನ್ನು ಬಿಟ್ಟುಕೊಡುವ ಕಂಪೆನಿಗಳಿಗೆ ಮೂಲ ದರವು ಸೇಕಡಾ 22ಕ್ಕೆ ಇಳಿಯಿತು.

ಈ ಅವಧಿಯಲ್ಲಿ ಅಸಮತೆಯು ಯಾವ ಕಡೆಗೆ ಚಲಿಸಿತು? ಪ್ಯಾರಿಸ್ಸಿನ ತೋಮಾ ಪಿಕೆಟ್ಟಿ ಮತ್ತು ಅವರ ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022-23ರಲ್ಲಿ ಭಾರತದ ಅತ್ಯಂತ ಶ್ರೀಮಂತರಾದ ಸೇಕಡಾ ಒಬ್ಬರ ಕೈಗೆ ರಾಷ್ಟ್ರದ ಆದಾಯದಲ್ಲಿ ಸೇಕಡಾ 22.6, ಸಂಪತ್ತಿನಲ್ಲಿ ಸೇಕಡಾ 40.1 ಸೇರುತ್ತಿತ್ತು. 1980ರ ದಶಕದ ಆರಂಭದಲ್ಲಿ ಆದಾಯದ ಆ ಪಾಲು ಸೇಕಡಾ 6ರಷ್ಟಿದ್ದಿತು. ಈ ಲೆಕ್ಕದ ವಿಧಾನವನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಇನ್ನೊಂದು ಪಕ್ಕದಲ್ಲಿ, ಆರೋಗ್ಯ, ಶಿಕ್ಷಣ, ಜೀವನಮಟ್ಟಗಳನ್ನು ಕೂಡಿಸಿ ನೀತಿ ಆಯೋಗವು ಮಾಡಿದ ಗಣನೆಯಲ್ಲಿ ಬಡವರ ಪ್ರಮಾಣವು 2013-14ರ ಸೇಕಡಾ 29.17ರಿಂದ 2022-23ರಲ್ಲಿ ಸೇಕಡಾ 11.28ಕ್ಕೆ ಇಳಿದಿದೆ. ಈ ಎರಡು ಮಾತುಗಳೂ ಏಕಕಾಲಕ್ಕೆ ನಿಜವಾಗಿರಬಹುದು. ತಳದವನು ಒಂದು ಮೆಟ್ಟಿಲು ಏರುವಷ್ಟರಲ್ಲಿ ಮೇಲಿನವನು ಹತ್ತು ಮೆಟ್ಟಿಲು ಏರಿದರೆ ಬಡತನವೂ ಇಳಿಯುತ್ತದೆ, ಅಂತರವೂ ಬೆಳೆಯುತ್ತದೆ. ತಳದವನ ಆ ಒಂದು ಮೆಟ್ಟಿಲಿಗೆ ಕಾರಣವಾದವುಗಳಲ್ಲಿ ಸರಕಾರದ ವೆಚ್ಚವು ಮುಖ್ಯ: ಪಡಿತರ, ಶೌಚಾಲಯ, ವಿದ್ಯುತ್ತು, ಶಾಲೆ.

ನಗರದ ವೆಚ್ಚ ಮತ್ತು ಕನ್ನಡಿಗರು

ಇನ್ನು ನಮ್ಮ ನಗರಕ್ಕೆ ಮರಳೋಣ. ನಾಕೆಯ ಹಣ ಎಲ್ಲಿಗೆ ಹೋಯಿತು? ಪಾಲಿಕೆಯ ಬೊಕ್ಕಸದಲ್ಲಿ ಅದು ಇತರ ವರಮಾನಗಳೊಡನೆ ಬೆರೆಯುತ್ತಿದ್ದುದರಿಂದ ಇಂಥ ರೂಪಾಯಿ ಇಂಥ ಕಡೆಗೆ ಎಂದು ಹೇಳುವಂತಿಲ್ಲ. ಕಲ್ಲಿನ ಶಾಸನದ ಸ್ಪಷ್ಟತೆ ಮುದ್ರಿತ ಆಯವ್ಯಯಕ್ಕೆ ಇಲ್ಲ. ಆದರೆ ಫಲಾನುಭವಿಗಳ ವಲಯವು ಶಾಸನಗಳ ಕಾಲಕ್ಕಿಂತ ಎಷ್ಟೋ ವಿಶಾಲವಾಯಿತು. 1925ರಲ್ಲಿ ನಗರದ ಎಫ್ ಮತ್ತು ಜಿ ವಾರ್ಡುಗಳಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವು ಆರಂಭವಾಯಿತು. 1926ರಲ್ಲಿ ಪರೇಲಿನ ಕೆ. ಇ. ಎಂ. ಆಸ್ಪತ್ರೆಯು ತೆರೆಯಿತು. 1947ರ ಆಗಸ್ಟಿನಲ್ಲಿ ಬಸ್ಸು, ಟ್ರಾಮ್, ವಿದ್ಯುತ್ತುಗಳ ಬೆಸ್ಟ್ ಸಂಸ್ಥೆಯು ಪಾಲಿಕೆಯ ಒಡೆತನಕ್ಕೆ ಬಂದಿತು. ಉತ್ತರದ ಉಪನಗರಗಳವರಿಗೆ ಬೊರಿವಲಿಯ ಭಗವತಿ ಆಸ್ಪತ್ರೆಯಿತ್ತು.

ತುಳುನಾಡು ಮತ್ತು ಕರಾವಳಿಗಳಿಂದ ಬಂದು ಹೋಟೆಲುಗಳಲ್ಲಿ ಮಾಣಿಗಳಾಗಿ ದುಡಿದ ಹುಡುಗರ ತಲೆಮಾರನ್ನು ಈ ದೃಷ್ಟಿಯಿಂದ ನೋಡಬೇಕು. ಅವರಲ್ಲಿ ಆದಾಯ ತೆರಿಗೆ ತೆತ್ತವರು ಯಾರೂ ಇರಲಾರರು. ಆದರೆ ಅವರು ಕುಡಿದ ಚಹದ ಸಕ್ಕರೆಯಲ್ಲಿ, ತೊಟ್ಟ ಬಟ್ಟೆಯಲ್ಲಿ, ಊರಿಗೆ ಒಯ್ದ ಟ್ರಂಕಿನಲ್ಲಿ ಸುಂಕವು ಅಡಗಿದ್ದಿತು. ಅದರ ಪ್ರತಿಯಾಗಿ ನಗರವು ಅವರಿಗೆ ಕೊಟ್ಟುದು ಪುರಸಭೆಯ ಶಾಲೆ, ಪುರಸಭೆಯ ಆಸ್ಪತ್ರೆ, ನಲ್ಲಿಯ ನೀರು. ನಮ್ಮವರ ಸಂಘಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳು ಮತ್ತು ಕನ್ನಡ ಪ್ರೌಢಶಾಲೆಗಳು ಇದಕ್ಕೆ ಪೂರಕವಾದವು. ಮಾನ್ಯತೆ ಪಡೆದ ಶಾಲೆಗಳಿಗೆ ಸರಕಾರದ ಅನುದಾನವೂ ದೊರೆಯಿತು. ಮುಂಬಯಿಯ ಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗುಗಳೊಡನೆ ಕನ್ನಡದಲ್ಲಿಯೂ ಶಾಲೆಗಳನ್ನು ನಡೆಸುತ್ತ ಬಂದಿದೆ. ತಟ್ಟೆ ತೊಳೆದವನು ಮುಂದೆ ಗುಮಾಸ್ತನಾಗಿ, ವಕೀಲನಾಗಿ, ಹೋಟೆಲಿನ ಧಣಿಯಾಗಿ ಬೆಳೆದುದರಲ್ಲಿ ಅವನ ದುಡಿಮೆಯ ಪಾಲು ಹಿರಿದು. ಆದರೆ ಸಾರ್ವಜನಿಕ ವೆಚ್ಚದ ಪಾಲನ್ನು ಲೆಕ್ಕದಿಂದ ಬಿಟ್ಟರೆ ನಮ್ಮ ಇತಿಹಾಸವು ಅಪೂರ್ಣವಾಗುವುದು.

ಆ ಬೆಳೆದ ತಲೆಮಾರು ಇಂದು ಪುರಸಭೆಯ ಶಾಲೆಯನ್ನು ಬಿಟ್ಟಿದೆ. ಅದರ ಮಕ್ಕಳು ಮೊಮ್ಮಕ್ಕಳು ಖಾಸಗಿ ಇಂಗ್ಲಿಷ್ ಶಾಲೆಗಳಲ್ಲಿದ್ದಾರೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದಿದೆ. ಅಲ್ಲಿ ಈಗ ಉಳಿದಿರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೂಲಿಗಾಗಿ ಬಂದವರ ಮಕ್ಕಳು ಬಹಳ. ಕನ್ನಡಿಗರೊಳಗೇ ಆದಾಯದ ಅಂತರವು ಎದ್ದು ಕಾಣುವ ಸ್ಥಳವಿದು. ಉಳ್ಳವರು ಒಂದು ಸಾರ್ವಜನಿಕ ಸೌಕರ್ಯವನ್ನು ಬಿಟ್ಟುಹೋದರೆ ಅದು ಬಡವರಿಗಾದರೂ ಪೂರ್ತಿಯಾಗಿ ಉಳಿಯುವುದೆಂದು ತೋರಬಹುದು. ಅನುಭವವು ಇದಕ್ಕೆ ವಿರುದ್ಧ: ದೂರು ಬರೆಯಬಲ್ಲವರು, ಅಧಿಕಾರಿಯನ್ನು ಕಾಣಬಲ್ಲವರು ಹೊರಟುಹೋದ ಮೇಲೆ ಆ ಸೌಕರ್ಯವನ್ನು ವಿಚಾರಿಸುವವರೇ ಇಲ್ಲವಾಗುತ್ತಾರೆ.

2017ರ ಮುಂದಿನ ಸಂಗತಿಗಳು ಈ ಮಾತನ್ನು ಪುಷ್ಟೀಕರಿಸುತ್ತವೆ. ಹೊಸ ತೆರಿಗೆಯಲ್ಲಿ ಬಿಡಿಯಾಗಿ ಮಾರುವ ಧಾನ್ಯಕ್ಕೆ ವಿನಾಯಿತಿ ಕೊಟ್ಟುದು ಯೋಗ್ಯವಾದ ಕ್ರಮ. ಆದರೆ 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಹಿಟ್ಟು, ಮೊಸರುಗಳಿಗೆ ಸೇಕಡಾ 5 ಹಾಕಲಾಯಿತು. 2025ರ ಸೆಪ್ಟೆಂಬರ್ 22ರಿಂದ ಸೇಕಡಾ 5 ಮತ್ತು 18ರ ಎರಡು ಮುಖ್ಯ ದರಗಳೂ, ಭೋಗವಸ್ತುಗಳಿಗೆ ಸೇಕಡಾ 40ರ ದರವೂ ಬಂದಿವೆ. 500 ಚದರ ಅಡಿಗಳವರೆಗಿನ ಮನೆಗಳಿಗೆ 2022ರಲ್ಲಿ ಮುಂಬಯಿಯು ಆಸ್ತಿ ತೆರಿಗೆಯನ್ನು ಪೂರ್ತಿಯಾಗಿ ಬಿಟ್ಟುಕೊಟ್ಟುದು ದಹಿಸರಿನಂಥ ಉಪನಗರದ ಸಣ್ಣ ಮನೆಯವರಿಗೆ ನೆರವಾಯಿತು. ಬಾಡಿಗೆಯ ಕೋಣೆಯಲ್ಲಿರುವವನಿಗೆ ಅದರಿಂದ ಲಾಭವಾಗುವುದು ಮನೆಯ ಒಡೆಯನ ಮನಸ್ಸನ್ನು ಅವಲಂಬಿಸಿದೆ. 2024ರ ಮಾರ್ಚಿಯಲ್ಲಿ ಮೊದಲ ಭಾಗವು ತೆರೆದ ದಕ್ಷಿಣ ಮುಂಬಯಿಯ ಕರಾವಳಿ ರಸ್ತೆಗೆ ಪಾಲಿಕೆಯು ಹದಿಮೂರು ಸಾವಿರ ಕೋಟಿ ರೂಪಾಯಿಗಳಿಗೂ ಮೀರಿ ವೆಚ್ಚಮಾಡಿದೆ. ಅದರ ಮೇಲೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಗರಕ್ಕೆ ರಸ್ತೆ ಬೇಡವೆಂದು ಯಾರೂ ಹೇಳರು. ಆದರೆ ಹಿಂದೆ ಹೇಳಿದ ಎರಡು ಕುಟುಂಬಗಳಲ್ಲಿ ಅದು ಯಾವುದರ ರಸ್ತೆಯೆಂಬ ಪ್ರಶ್ನೆಯನ್ನು ಕೇಳದಿರಲಾಗದು.

ದಹಿಸರಿನಲ್ಲಿಯೇ ಆಕ್ಟ್ರಾಯಿನ ನಾಕೆಯ ಸಮೀಪ ರಸ್ತೆಯ ಟೋಲಿನ ಕಟ್ಟೆಯೂ ಇದ್ದಿತು. 2024ರ ಅಕ್ಟೋಬರ್ 14ರ ನಡುರಾತ್ರಿಯಿಂದ ದಹಿಸರ್ ಸೇರಿ ಮುಂಬಯಿಯ ಐದೂ ಪ್ರವೇಶದ್ವಾರಗಳಲ್ಲಿ ಕಾರು ಮೊದಲಾದ ಲಘು ವಾಹನಗಳಿಗೆ ಟೋಲು ಮಾಫಾಯಿತು. ಸರಕು ಹೊತ್ತು ಬರುವ ಭಾರಿ ಲಾರಿಗಳಿಗೆ ಈ ರಿಯಾಯಿತಿ ದೊರೆಯಲಿಲ್ಲ. ದಿನವೂ ಆ ಕಟ್ಟೆಯ ಮುಂದೆ ಕಾದು ಬೇಸತ್ತಿದ್ದ ಉಪನಗರದ ನಿವಾಸಿಗಳಿಗೆ ಅದು ನ್ಯಾಯವಾದ ಪರಿಹಾರವೇ. ಆದರೂ ಕೊಂಡೋಜನ ಕಾಲದ ಪಾಠ ಇಲ್ಲಿಯೂ ಕಾಣುತ್ತದೆ. ಕಾರಿನಲ್ಲಿ ಕುಳಿತವನ ಸುಖದುಃಖ ಕೇಳಿಸಿತು. ಲಾರಿಯಲ್ಲಿರುವ ಅಕ್ಕಿಯ ಚೀಲಕ್ಕೆ ಬಾಯಿಯಿಲ್ಲ, ಅದನ್ನು ಉಣ್ಣುವವನು ಇನ್ನೂ ಅಲ್ಲಿಗೆ ಬಂದೇ ಇಲ್ಲ.

ಹಾಗಾದರೆ ಸರಕಿನ ತೆರಿಗೆಯನ್ನೆಲ್ಲ ತೆಗೆದುಹಾಕಬೇಕೆ? ಅದು ಸಾಧ್ಯವಲ್ಲ. ಬಹುಮಂದಿಯ ಆದಾಯವು ಲೆಕ್ಕಕ್ಕೆ ಸಿಕ್ಕದ ನಮ್ಮಂಥ ದೇಶದಲ್ಲಿ ಶಾಲೆ ಆಸ್ಪತ್ರೆಗಳ ವೆಚ್ಚಕ್ಕೆ ಈ ಹಣ ಬೇಕೇ ಬೇಕು. ಸಾಧ್ಯವಿರುವುದು ಎರಡು. ಮೊದಲನೆಯದು, ಬಡವನ ನಿತ್ಯದ ಆವಶ್ಯಕತೆಗಳನ್ನು ಸುಂಕದ ಪಟ್ಟಿಯಿಂದ ಹೊರಗಿಡುವುದು. ಎರಡನೆಯದು, ಬಂದ ಹಣದ ವಿನಿಯೋಗವನ್ನು ಸಾಲೋಟಗಿಯ ಕಲ್ಲಿನಷ್ಟು ಬಯಲಾಗಿಡುವುದು. ಆದರೆ ಸಾಲೋಟಗಿಯಂತೆ ಕೆಲವರಿಗಷ್ಟೇ ಮೀಸಲಿಡದೆ, ತೆತ್ತವರೆಲ್ಲರಿಗೂ ತಲುಪುವಂತೆ ಮಾಡುವುದು. 2025-26ನೆಯ ಸಾಲಿಗೆ ಮುಂಬಯಿ ಪಾಲಿಕೆಯ ಆಯವ್ಯಯವು 74,427 ಕೋಟಿ ರೂಪಾಯಿಗಳದಾಗಿದ್ದಿತು. ಈ ಗಾತ್ರದ ಲೆಕ್ಕವನ್ನು ಸಾಮಾನ್ಯ ನಾಗರಿಕನು ಓದಿ ತಿಳಿಯುವುದು ಕಷ್ಟ. ಆದರೆ ಬ್ಯಾಂಕು, ವಿಮೆ, ಲೆಕ್ಕಪರಿಶೋಧನೆ, ಅಧ್ಯಾಪನಗಳಲ್ಲಿ ಪಳಗಿದ ಕನ್ನಡಿಗರು ಈ ನಗರದಲ್ಲಿ ಸಾವಿರಗಟ್ಟಲೆ ಇದ್ದಾರೆ. ಪ್ರತಿವರ್ಷವೂ ಆ ಆಯವ್ಯಯದಲ್ಲಿ ಕನ್ನಡ ಶಾಲೆಗಳಿಗೆ, ಉತ್ತರದ ಉಪನಗರಗಳ ಆಸ್ಪತ್ರೆಗಳಿಗೆ, ಕೊಳೆಗೇರಿಗಳ ನೀರಿಗೆ ಎಷ್ಟು ತೆಗೆದಿರಿಸಿದೆ, ಎಷ್ಟು ವೆಚ್ಚವಾಯಿತು ಎಂಬುದನ್ನು ಬಿಡಿಸಿ ಕನ್ನಡದಲ್ಲಿ ಪ್ರಕಟಿಸುವ ಕೆಲಸವನ್ನು ನಮ್ಮ ಸಂಘಗಳು ಕೈಗೊಳ್ಳಬಹುದು. ಶಾಸನಗಳನ್ನು ಓದಿ ಸಂಪಾದಿಸುವುದು ಹೇಗೆ ಸಂಶೋಧನೆಯೋ ಹಾಗೆಯೇ ಇದೂ ಸಂಶೋಧನೆ. ಯಾದಗಿರಿಯ ಕೂಲಿಯವನು ತಾನು ತೆತ್ತ ತೆರಿಗೆಯ ಲೆಕ್ಕವನ್ನು ಕೇಳಲು ಸುಂಕದವನ ಬಳಿಗೆ ಹೋಗಲಾರನು. ಅವನ ಪರವಾಗಿ ಅದನ್ನು ಕೇಳಬಲ್ಲವರು, ಹಿಂದೊಮ್ಮೆ ಅದೇ ಶಾಲೆಯ ಹಲಗೆಯ ಮೇಲೆ ಕುಳಿತು ಮೇಲೆ ಬಂದವರು.